ಬೀಡಿ ಬಿಟ್ಟ, ಅದಕ್ಕೇ ಜೀವ ಬಿಟ್ಟ?

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಕಾಕಾ ಕಲಬುರಗಿಯ ಒಂದು ದಾಲ್ ಮಿಲ್ಲಿನಲ್ಲಿ ಹಮಾಲಿ ಮಾಡುತ್ತಿದ್ದರು. ಕಿವಿಯ ಸಂದಿಯಲ್ಲಿ ಯಾವಾಗಲೂ ಅರ್ಧ ಸೇದಿದ ಬೀಡಿ. ಬೀಡಿಯ ಗುಣ ನಿಮಗೆ ಗೊತ್ತಲ್ವಾ, ಎಳೆಯದೆ ಬಿಟ್ಟರೆ ಆರಿಹೋಗುತ್ತದೆ. ಒಂದು ಚೀಲ ಲಾರಿಗೆ ಏರಿಸಿ ಬರುವಷ್ಟರಲ್ಲಿ ಆರಿರುತ್ತಿತ್ತು. ಮತ್ತೆ ಕಡ್ಡಿ ಗೀರುವುದು, ಗಲ್ಲ ಒಳಗೆ ಹೋಗುವ ಹಾಗೆ ಜೋರಾಗಿ ಎಳೆಯುವುದು. ಬೀಡಿಯಲ್ಲಿ ತಂಬಾಕು ಸಿಗರೇಟಿಗಿಂತ ಕಡಿಮೆ ನಿಜ. ಆದರೆ ಹೀಗೆ ಜಗ್ಗಿ ಎಳೆದಾಗ ಒಳಗೆ ಹೋಗುವ ಟಾರು, ಅಂದರೆ ಹೊಗೆಯಲ್ಲಿನ ಕಪ್ಪು ಅಂಟು, ಕಡಿಮೆಯೇನಲ್ಲ. ಕಾಕಾ ಹದಿನಾರನೇ ವಯಸ್ಸಿಗೆ ಶುರು ಮಾಡಿದ್ದರು. ದಿನಕ್ಕೆ ಒಂದು ಕಟ್ಟು ಸಾಲುತ್ತಿರಲಿಲ್ಲ.

ಐವತ್ತೆಂಟಕ್ಕೆ ಬಿಟ್ಟರು. ತೊಡೆಯ ಮೇಲೆ ಕೂತಿದ್ದ ಮೊಮ್ಮಗಳು ಮೂಗು ಮುಚ್ಚಿಕೊಂಡು, 'ಮುತ್ಯಾ, ನಿನ್ನ ಬಾಯಿ ನಾರ್ತದ' ಅಂದಳಂತೆ. ಅಷ್ಟೇ. ನಾವೆಲ್ಲ ಬಡಕೊಂಡರೂ ಬಿಡದವರು ಅವತ್ತೇ ಬಿಟ್ಟರು.

ಎರಡು ವರ್ಷಕ್ಕೆ ಕೆಮ್ಮು ಹತ್ತಿತು. ಕಫದಲ್ಲಿ ರಕ್ತ. ಟಿಬಿ ಇರಬೇಕು ಎಂದು ಕೆಲವು ತಿಂಗಳು ಅದರ ಗುಳಿಗೆ ನುಂಗಿದರು. ಟಿಬಿಯೂ ಶ್ವಾಸಕೋಶದ ಕ್ಯಾನ್ಸರೂ ಮೊದಮೊದಲು ಒಂದೇ ತರಹ ಕಾಣುತ್ತವೆ, ನಮ್ಮ ಕಡೆ ಈ ಗೊಂದಲ ಹೊಸದಲ್ಲ. ಕೊನೆಗೆ ಸೂಜಿ ಹಾಕಿ ಚೂರು ತೆಗೆದು ನೋಡಿದರೆ ಶ್ವಾಸಕೋಶದ ಕ್ಯಾನ್ಸರ್. ಅಷ್ಟೊತ್ತಿಗೆ ಬೆನ್ನುಮೂಳೆಗೂ ಹರಡಿತ್ತು.

ಮಣ್ಣು ಮಾಡಿ ಬಂದ ಸಂಜೆ ಕಟ್ಟೆಯ ಮೇಲೆ ಕೂತ ಹಿರಿಯರು ತೀರ್ಪು ಕೊಟ್ಟರು: 'ಬೀಡಿ ಬಿಟ್ಟ ನೋಡ್ರಿ, ಅದಕ್ಕೇ ಜೀವಾ ಬಿಟ್ಟ. ಮೈಗೆ ಹೊಂದಿದ್ದು ಬಿಡಬಾರದು.'

ನಾನು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸಿದವನು. ಮೊದಲು ಸಿಟ್ಟು ಬಂತು. ಆಮೇಲೆ ಅನಿಸಿತು, ಪಾಪ, ಅವರು ಕಣ್ಣಿಗೆ ಕಂಡಿದ್ದನ್ನೇ ಹೇಳುತ್ತಿದ್ದಾರೆ. ಬಿಟ್ಟಿದ್ದು ಮೊದಲು, ರೋಗ ಆಮೇಲೆ. ದೊಡ್ಡ ದೊಡ್ಡ ದೇಶಗಳ ಲೆಕ್ಕವೂ ಮೇಲ್ನೋಟಕ್ಕೆ ಹೀಗೇ ಇದೆ.

ಅಮೆರಿಕವನ್ನೇ ನೋಡಿ. 1964ರ ಜನವರಿ 11, ಶನಿವಾರ. ಅಲ್ಲಿನ ಸರ್ಕಾರದ ಮುಖ್ಯ ವೈದ್ಯಾಧಿಕಾರಿ ಲೂಥರ್ ಟೆರ್ರಿ ಒಂದು ವರದಿ ಬಿಡುಗಡೆ ಮಾಡಿದರು. ಗಂಡಸರ ಶ್ವಾಸಕೋಶದ ಕ್ಯಾನ್ಸರ್‌ಗೆ ಸಿಗರೇಟು ಕಾರಣ ಎಂದು ಅದರಲ್ಲಿ ನೇರವಾಗಿ ಹೇಳಿತ್ತು. ಶನಿವಾರವೇ ಯಾಕೆ ಅಂದರೆ ಅವತ್ತು ಷೇರುಪೇಟೆಗೆ ರಜೆ! ಮರುವರ್ಷ ಅಲ್ಲಿ ನೂರು ದೊಡ್ಡವರಲ್ಲಿ 42 ಜನ ಸೇದುತ್ತಿದ್ದರು. 1990ಕ್ಕೆ ಅದು 25ರ ಆಸುಪಾಸಿಗೆ ಇಳಿಯಿತು. ಆದರೆ ಅದೇ ಇಪ್ಪತ್ತೈದು ವರ್ಷ ಗಂಡಸರಲ್ಲಿ ಈ ಕ್ಯಾನ್ಸರಿನ ಸಾವಿನ ಪ್ರಮಾಣ ಏರುತ್ತಲೇ ಇತ್ತು. 1990ರ ಸುಮಾರಿಗೆ ತುದಿ ಮುಟ್ಟಿ, ಆಮೇಲೆ ಇಳಿಯತೊಡಗಿತು. ಈಗ ಆಗಿನ ಅರ್ಧಕ್ಕಿಂತ ಕೆಳಗಿದೆ. ಅಲ್ಲಿನ ಹೆಂಗಸರು ಸೇದಲು ಶುರು ಮಾಡಿದ್ದೇ ತಡವಾಗಿ. ಹಾಗಾಗಿ ಅವರಲ್ಲಿ ಸಾವು ಏರಿದ್ದೂ ತಡ, ಇಳಿದದ್ದೂ ತಡ.

1980ರಲ್ಲಿ ನಮ್ಮ ಕಟ್ಟೆಯ ಹಿರಿಯರನ್ನು ಅಲ್ಲಿ ಕೂಡಿಸಿದ್ದರೆ ಏನಂತಿದ್ದರು ಹೇಳಿ? 'ಸಿಗರೇಟು ಬಿಟ್ರು, ಸಾಯ್ಲಿಕತ್ತಾರ.'

ಇದನ್ನು ತೊಗರಿ ಬೆಳೆಯುವ ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ಮುಂಗಾರಿನಲ್ಲಿ ಒಂದೇ ಹೊಲದಲ್ಲಿ ಹೆಸರೂ ತೊಗರಿಯೂ ಬಿತ್ತುತ್ತೀರಿ. ಹೆಸರು ಎರಡು ಎರಡೂವರೆ ತಿಂಗಳಿಗೆ ಕೈಗೆ ಬರುತ್ತದೆ. ತೊಗರಿ ಚಳಿಗಾಲದ ತನಕ ಕಾಯಿಸುತ್ತದೆ. ಬೀಡಿ ಬಿಟ್ಟವರ ಮೈಯಲ್ಲೂ ಎರಡು ಬೆಳೆ ಇವೆ. ಹೃದಯದ್ದು ಹೆಸರು. ಸೇದುವುದರಿಂದ ಹೆಚ್ಚಾದ ಹೃದಯಾಘಾತದ ಅಪಾಯ ಒಂದೇ ವರ್ಷದಲ್ಲಿ ಸುಮಾರು ಅರ್ಧಕ್ಕೆ ಬರುತ್ತದೆ. ಶ್ವಾಸಕೋಶದ್ದು ತೊಗರಿ. ಕ್ಯಾನ್ಸರಿನ ಅಪಾಯ ಅರ್ಧ ಆಗಲು ಹತ್ತು ವರ್ಷದಷ್ಟು ಬೇಕು. ಕಾಕಾನ ಗಡ್ಡೆ ಬೀಡಿ ಬಿಡುವ ಮೊದಲೇ ಒಳಗೆ ಬೇರು ಬಿಟ್ಟಿರಬೇಕು. ಹೊರಗೆ ಕಂಡಿದ್ದು ಮಾತ್ರ ಆಮೇಲೆ.

ಇಂಗ್ಲೆಂಡಿನ ಸಂಶೋಧಕ ಡಾಕ್ಟರ್ ರಿಚರ್ಡ್ ಡಾಲ್ ಅವರ ಕತೆ ನನಗೆ ಬಹಳ ಇಷ್ಟ. ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಾಗಲು ರಸ್ತೆಗೆ ಹಾಕುವ ಡಾಂಬರು ಕಾರಣ ಇರಬೇಕು ಎಂಬ ಗುಮಾನಿ ಅವರಿಗೆ ಮೊದಲು ಇತ್ತು. ಸಂಖ್ಯಾಶಾಸ್ತ್ರಜ್ಞ ಬ್ರಾಡ್‌ಫರ್ಡ್ ಹಿಲ್ ಜೊತೆ ಸೇರಿ ರೋಗಿಗಳನ್ನು ವಿಚಾರಿಸುತ್ತಾ ಹೋದರೆ, ಸಿಕ್ಕಿದ್ದು ಸಿಗರೇಟು. ಡಾಲ್ ಸ್ವತಃ ಸೇದುತ್ತಿದ್ದರು, ತಮ್ಮದೇ ಲೆಕ್ಕ ನೋಡಿ ಬಿಟ್ಟರು! 1951ರಿಂದ ಅವರು ಅಲ್ಲಿನ ಸಾವಿರಾರು ಡಾಕ್ಟರುಗಳ ಬೆನ್ನು ಹತ್ತಿದರು. ಐವತ್ತು ವರ್ಷದ ಫಲಿತಾಂಶ 2004ರಲ್ಲಿ ಬಂತು. ಬಿಡದೆ ಸೇದಿದವರು ಸರಾಸರಿ ಹತ್ತು ವರ್ಷ ಮೊದಲೇ ಹೋಗಿದ್ದರು. ಮೂವತ್ತಕ್ಕೆ ಬಿಟ್ಟವರಿಗೆ ಆ ಹತ್ತೂ ವರ್ಷ ಹೆಚ್ಚುಕಡಿಮೆ ಉಳಿದಿದ್ದವು. ನಲವತ್ತಕ್ಕೆ ಬಿಟ್ಟವರಿಗೆ ಒಂಬತ್ತು, ಐವತ್ತಕ್ಕೆ ಆರು, ಅರವತ್ತಕ್ಕೆ ಮೂರು.

ಈಗ ನಮ್ಮ ದೇಶ. 2009–10ರ ಸಮೀಕ್ಷೆಯಲ್ಲಿ ನೂರು ದೊಡ್ಡವರಲ್ಲಿ 14 ಜನ ಸೇದುತ್ತಿದ್ದರು, 2016–17ಕ್ಕೆ 10.7. ಇಳಿದಿದೆ. ಆದರೂ ಸಾವು ನಾಳೆಯೇ ಇಳಿಯುತ್ತದೆ ಎಂದು ಕಾಯಬೇಡಿ, ಈಗ ರಾಶಿ ಆಗುತ್ತಿರುವುದು ಹಿಂದೆಂದೋ ಬಿತ್ತಿದ್ದು. ಜನಸಂಖ್ಯೆ, ವಯಸ್ಸಾದವರು ಎರಡೂ ಹೆಚ್ಚುತ್ತಿರುವಾಗ ಒಟ್ಟು ಸಾವು ಎಷ್ಟು ಎಂದಷ್ಟೇ ನೋಡಿದರೂ ಮೋಸ ಹೋಗುತ್ತೀರಿ. ಒಂದೇ ವಯಸ್ಸಿನ ಲಕ್ಷ ಜನರಿಗೆ ಎಷ್ಟು ಎಂದು ಕೇಳಬೇಕು.

ಇನ್ನೊಂದು ಮಾತು. ನಮ್ಮಲ್ಲಿ ಒಂದೇ ಒಂದು ಬೀಡಿ ಮುಟ್ಟದ ಹೆಂಗಸರಿಗೂ ಈ ಕ್ಯಾನ್ಸರ್ ಬರುತ್ತದೆ. ಒಲೆಯ ಹೊಗೆ, ಊರಿನ ಕೆಟ್ಟ ಗಾಳಿ, ಪಕ್ಕದಲ್ಲಿ ಕೂತು ಸೇದುವ ಗಂಡನ ಹೊಗೆ, ಎಲ್ಲಕ್ಕೂ ಇದರಲ್ಲಿ ಪಾಲಿದೆ. ರೋಗ ಬಂದವರನ್ನು 'ಏನು ಸೇದ್ತಿದ್ರಿ' ಎಂದು ಮೊದಲೇ ಗದರಿಸುವವರನ್ನು ಕಂಡರೆ ನನಗೆ ಆಗದು.

ಹೋದ ಯುಗಾದಿಗೆ ಊರಿಗೆ ಹೋಗಿದ್ದೆ. ಅದೇ ಕಟ್ಟೆ. ಅವತ್ತು ತೀರ್ಪು ಕೊಟ್ಟವರಲ್ಲಿ ಒಬ್ಬರ ಮಗ ಸಿಕ್ಕ. ಅವನ ಕಿವಿಯಲ್ಲೂ ಬೀಡಿ. ಹೆಸರು, ತೊಗರಿ ಎಲ್ಲಾ ಹೇಳಿದೆ.

'ಹಂಗಾದ್ರ ಮಾಸ್ತರ್ರ, ನಾ ಈಗ ಬಿಟ್ರ ನನಗೇನು ಸಿಗ್ತದ್ರಿ?'

'ವಯಸ್ಸೆಷ್ಟು?'

'ಐವತ್ತರ ಮ್ಯಾಲ ಅದ.'

'ಆರು ವರ್ಷದ ಹತ್ತಿರ. ಸರಾಸರಿ ಮತ್ತೆ, ನಿನಗೇ ಬರೆದುಕೊಟ್ಟಿದ್ದಲ್ಲ.'

ಬೆರಳು ಮಡಚಿ ಎಣಿಸಿದ. 'ಆರು ತೊಗರಿ ರಾಶಿ,' ಅಂದ. ಬೀಡಿ ತೆಗೆದು ಕೈಯಲ್ಲಿ ತಿರುಗಿಸಿ ನೋಡಿ, ಮತ್ತೆ ಕಿವಿಗೇ ಸಿಕ್ಕಿಸಿಕೊಂಡ. ನಾನು ಕೂತಿರುವ ತನಕ ಹಚ್ಚಲಿಲ್ಲ.

ನಮಸ್ಕಾರ.