ತಪಾಸಣೆ ವರದಿ ಗಿರಾಕಿಯ ಕಣ್ಣಿಗೂ ಬೀಳಲಿ

ಕೇಳುಗರಿಗೆ ನಮಸ್ಕಾರ.

ಮಳೆ ಹಿಡಿದ ಸಂಜೆ ಶಿವಮೊಗ್ಗದಲ್ಲಿ ಬಿಸಿ ತಿಂಡಿಯ ಆಸೆ ಜಾಸ್ತಿ. ನೆಹರೂ ರಸ್ತೆ, ದುರ್ಗಿಗುಡಿ, ವಿನೋಬನಗರ, ಎಲ್ಲಿ ಹೋದರೂ ಫಾಸ್ಟ್ ಫುಡ್ ಅಂಗಡಿ ಮುಂದೆ ಕಾಲೇಜು ಮಕ್ಕಳು. ತಿನ್ನಬೇಡಿ ಅಂತ ನಾನು ಹೇಳುವುದಿಲ್ಲ. ಆದರೆ ಆ ಅಡುಗೆಮನೆಯ ತಪಾಸಣೆ ಯಾವಾಗ ಆಯಿತು, ಅಲ್ಲಿ ಏನು ಸಿಕ್ಕಿತು ಅನ್ನುವುದು ತಿನ್ನುವವರಿಗೆ ಗೊತ್ತಾಗಬೇಕು ಅಲ್ವಾ?

2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಪರೀಕ್ಷೆಗೆ ತೆಗೆದ 171 ಮಾದರಿಗಳಲ್ಲಿ 107 ಅಸುರಕ್ಷಿತ ಎಂದು ಬಂದಿದ್ದವು. ತಿಂದವರ ನಾಲಿಗೆಗೆ ಅದು ಗೊತ್ತಾಗಿರಲಿಲ್ಲ. ಪ್ರಯೋಗಾಲಯಕ್ಕೆ ಕಳಿಸಿದ್ದರಿಂದ ಗೊತ್ತಾಯಿತು.

ಫ್ರೈಡ್ ರೈಸ್ ವಿಷಯವನ್ನೇ ತಗೊಳ್ಳಿ. ಬೆಳಿಗ್ಗೆ ಮಾಡಿದ ಅನ್ನ ಮುಚ್ಚದೆ, ತಂಪಿಗೂ ಇಡದೆ ಸಂಜೆವರೆಗೆ ಬಿದ್ದಿರುತ್ತದೆ. ಅನ್ನದಲ್ಲಿ ಬೆಳೆಯುವ ಒಂದು ಬ್ಯಾಕ್ಟೀರಿಯಾ ವಿಷ ಬಿಡುತ್ತದೆ. ಆಮೇಲೆ ಎಷ್ಟೇ ಜೋರು ಉರಿಯಲ್ಲಿ ಹುರಿದರೂ ಆ ವಿಷ ಹೋಗುವುದಿಲ್ಲ. ಬಿಸಿ ಇದೆ, ಏನೂ ಆಗಲ್ಲ ಅನ್ನುವ ನಂಬಿಕೆ ಇಲ್ಲಿ ಕೈ ಕೊಡುತ್ತದೆ. ಅದಕ್ಕೇ ನಿಯಮ: ಬಿಸಿ ಪದಾರ್ಥ 60 ಡಿಗ್ರಿಗಿಂತ ಮೇಲೆ, ತಣ್ಣಗಿನದು 5 ಡಿಗ್ರಿಗಿಂತ ಕೆಳಗೆ. ಕರಿಯುವ ಎಣ್ಣೆಗೂ ಮಿತಿ ಇದೆ. ಮತ್ತೆ ಮತ್ತೆ ಕಾಯಿಸಿದಾಗ ಹುಟ್ಟುವ ಕೆಟ್ಟ ಅಂಶ ನೂರಕ್ಕೆ 25 ದಾಟಿದರೆ ಆ ಎಣ್ಣೆ ಚೆಲ್ಲಬೇಕು. ಕುಡಿಯುವ ನೀರು, ಕೆಲಸದವರ ಆರೋಗ್ಯ, ಇವನ್ನೂ ಆಹಾರ ಸುರಕ್ಷತಾ ಅಧಿಕಾರಿ ನೋಡಬೇಕು.

ಲೋಪ ಸಿಕ್ಕರೆ 2006ರ ಆಹಾರ ಸುರಕ್ಷತಾ ಕಾಯ್ದೆಯ ಪ್ರಕಾರ ಸುಧಾರಣಾ ನೋಟಿಸ್ ಕೊಡಬಹುದು. ಸರಿಪಡಿಸಲು ಕನಿಷ್ಠ 14 ದಿನ. ಆಗಲೂ ಸರಿಹೋಗದಿದ್ದರೆ ಪರವಾನಗಿ ಅಮಾನತು ಮಾಡಬಹುದು. ಕಾಯ್ದೆ ಚೆನ್ನಾಗಿಯೇ ಇದೆ. ನನ್ನ ಬೇಸರ ಏನೆಂದರೆ, ಇದೆಲ್ಲ ಕಚೇರಿಯ ಕಡತದೊಳಗೆ ಉಳಿಯುತ್ತದೆ. ಗಿರಾಕಿಗೆ ಕಾಣುವುದು ಬಿಲ್ಲಿನ ಮೇಲಿನ 14 ಅಂಕಿಯ ನೋಂದಣಿ ಸಂಖ್ಯೆ ಮಾತ್ರ. ಅದರಿಂದ ಅಡುಗೆಮನೆ ಹೇಗಿದೆ ಅಂತ ಗೊತ್ತಾಗುತ್ತದೆಯೇ? ನ್ಯೂಯಾರ್ಕ್ ನಗರದಲ್ಲಿ 2010ರಿಂದ ಹೋಟೆಲಿನವರು ತಪಾಸಣೆಯ ದರ್ಜೆಯನ್ನು ಹೊರಗೆ ಕಾಣುವ ಹಾಗೆ ಅಂಟಿಸಲೇಬೇಕು. ನಮ್ಮಲ್ಲೂ ಸ್ವಚ್ಛತೆಗೆ ದರ್ಜೆ ಕೊಡುವ ಯೋಜನೆ ಇದೆ. ಅದು ಕಡ್ಡಾಯ ಆಗಬೇಕು. ಶುಚಿಯಾಗಿ ಅಂಗಡಿ ನಡೆಸುವವರಿಗೆ ಇದರಿಂದ ಲಾಭವೇ. ಅಂಥವರು ನಮ್ಮ ಊರಿನಲ್ಲಿ ಬೇಕಾದಷ್ಟು ಜನ ಇದ್ದಾರೆ.

ಅಲ್ಲಿಯವರೆಗೆ ಸುಮ್ನೆ ಕೂರಬೇಕಿಲ್ಲ. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ, ಆಹಾರ ಸುರಕ್ಷತಾ ವಿಭಾಗಕ್ಕೆ ಅರ್ಜಿ ಹಾಕಿ. ಅಂಗಡಿಯ ಹೆಸರು, ರಸ್ತೆ ಬರೆದು, ತಪಾಸಣೆ ವರದಿಯ ಪ್ರತಿ, ನೋಟಿಸ್ ಕೊಟ್ಟಿದ್ದರೆ ಅದರ ಪ್ರತಿ ಕೇಳಿ. ಉತ್ತರ ಕೊಡಲು ಅವರಿಗೆ 30 ದಿನ ಇದೆ.

ನಮಸ್ಕಾರ.