ಭಗತ್ ಸಿಂಗ್ ಥಿಂಡ್ ಹತ್ತಿದ ಕೋರ್ಟ್ ಮೆಟ್ಟಿಲು

ಕೇಳುಗರಿಗೆಲ್ಲ ನಮಸ್ಕಾರ.

‘ಅಮೆರಿಕದ ಕೋರ್ಟು ಸರ್ಕಾರದ ಆದೇಶಕ್ಕೆ ತಡೆ ಕೊಟ್ಟಿದೆ.’ ಇಂಥ ಸುದ್ದಿ ಈಚೆಗೆ ಆಗಾಗ ಕಿವಿಗೆ ಬೀಳುತ್ತಿದೆ, ಅಲ್ವಾ? ಮಗನೋ ಮಗಳೋ ಅಲ್ಲಿ ವೀಸಾ ಮೇಲೆ ಕೆಲಸ ಮಾಡುತ್ತಿರುವ ಮನೆಗಳಲ್ಲಂತೂ ಇದು ಊಟದ ಹೊತ್ತಿನ ಮಾತು. ವಾರ ಕಳೆಯುವಷ್ಟರಲ್ಲಿ ಇನ್ನೊಂದು ಸುದ್ದಿ ಬರುತ್ತದೆ, ಆ ತಡೆ ತೆರವಾಯಿತು ಅಂತ. ತಡೆ ಕೊಟ್ಟವರು ಯಾರು, ತೆಗೆದವರು ಯಾರು? ಇದು ಗೊತ್ತಿಲ್ಲದಿದ್ದರೆ ಸುದ್ದಿ ಕೇಳಿ ಸುಮ್ನೆ ಗಾಬರಿಯಾಗುವುದಷ್ಟೇ ಉಳಿಯುತ್ತದೆ.

ಅಮೆರಿಕದ ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ಕೋರ್ಟುಗಳು ಹೇಗೆ ಕೆಲಸ ಮಾಡುತ್ತವೆ ಅನ್ನುವುದನ್ನು ಇವತ್ತು ಒಬ್ಬ ಪಂಜಾಬಿಯ ಮೊಕದ್ದಮೆ ಹಿಡಿದು ಹೇಳುತ್ತೇನೆ. ಅವರ ಹೆಸರು ಭಗತ್ ಸಿಂಗ್ ಥಿಂಡ್. ನಮಗೆಲ್ಲ ಗೊತ್ತಿರುವ ಹುತಾತ್ಮ ಭಗತ್ ಸಿಂಗ್ ಅಲ್ಲ, ಇವರು ಬೇರೆ.

ಮೊದಲು ಒಂದು ವಿಷಯ ತಿಳಿದಿರಬೇಕು. ನಮ್ಮಲ್ಲಿ ಕೋರ್ಟುಗಳದ್ದು ಒಂದೇ ಏಣಿ. ತಾಲ್ಲೂಕಿನಲ್ಲಿ ಶುರುವಾದ ದಾವೆ ಜಿಲ್ಲೆಗೆ, ಹೈಕೋರ್ಟಿಗೆ, ಕೊನೆಗೆ ದಿಲ್ಲಿಗೆ ಹೋಗಬಹುದು. ರಾಜ್ಯದ ಕಾನೂನೇ ಇರಲಿ, ಕೇಂದ್ರದ ಕಾನೂನೇ ಇರಲಿ, ಅವೇ ಕೋರ್ಟುಗಳು ವಿಚಾರಣೆ ಮಾಡುತ್ತವೆ. ಅಮೆರಿಕದಲ್ಲಿ ಏಣಿ ಎರಡು. 50 ರಾಜ್ಯಗಳಿಗೂ ತಮ್ಮದೇ ಕೋರ್ಟುಗಳಿವೆ, ತಮ್ಮದೇ ಉನ್ನತ ನ್ಯಾಯಾಲಯವಿದೆ. ಅವುಗಳ ಪಕ್ಕದಲ್ಲೇ ಫೆಡರಲ್ ಸರ್ಕಾರದ ಕೋರ್ಟುಗಳು. ಒಂದೇ ಊರಿನ ಒಂದೇ ರಸ್ತೆಯಲ್ಲಿ ಎರಡೂ ಕಟ್ಟಡ ಇರಬಹುದು, ಆದರೆ ಒಂದು ಇನ್ನೊಂದರ ಕೈಕೆಳಗಿನದಲ್ಲ.

ಕೊಲೆ, ಕಳ್ಳತನ, ವಿಚ್ಛೇದನ, ಆಸ್ತಿ ಪಾಲು, ಬಾಡಿಗೆ ಜಗಳ, ಇವೆಲ್ಲ ಸಾಮಾನ್ಯವಾಗಿ ರಾಜ್ಯದ ಕೋರ್ಟಿಗೇ ಹೋಗುತ್ತವೆ. ಅಮೆರಿಕದಲ್ಲಿ ನಡೆಯುವ ಮೊಕದ್ದಮೆಗಳಲ್ಲಿ ಬಹುಪಾಲು ಇಂಥವೇ. ಸಂವಿಧಾನದ ಪ್ರಶ್ನೆ, ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಮಾಡಿದ ಕಾನೂನಿನ ಪ್ರಶ್ನೆ, ರಾಜ್ಯ ರಾಜ್ಯಗಳ ನಡುವಿನ ವ್ಯಾಜ್ಯ, ಫೆಡರಲ್ ಸರ್ಕಾರವೇ ಕಕ್ಷಿದಾರನಾಗಿರುವ ಕೇಸು, ಇವು ಫೆಡರಲ್ ಕೋರ್ಟಿಗೆ. ಎರಡು ಬೇರೆ ರಾಜ್ಯದವರು ಜಗಳವಾಡಿ ಮೊತ್ತ 75,000 ಡಾಲರ್ ದಾಟಿದರೆ ಅದನ್ನೂ ಅಲ್ಲಿಗೆ ಒಯ್ಯಬಹುದು. ಹೊರಗಿನವನಿಗೆ ಸ್ಥಳೀಯ ಕೋರ್ಟಿನಲ್ಲಿ ಅನ್ಯಾಯವಾಗಬಹುದು ಅನ್ನುವ ಹಳೆಯ ಭಯವೇ ಇದಕ್ಕೆ ಕಾರಣ.

ಪೌರತ್ವ ಫೆಡರಲ್ ಕಾನೂನಿನ ವಿಷಯ. ಥಿಂಡ್ ಅವರ ಕೇಸು ಹುಟ್ಟಿದ್ದು ಇಲ್ಲೇ.

ಅಮೃತಸರದ ಕಡೆಯವರಾದ ಥಿಂಡ್ 1913ರಲ್ಲಿ ಅಮೆರಿಕಕ್ಕೆ ಹೋದರು. ಆರೆಗಾನ್ ರಾಜ್ಯದ ಸಾಮಿಲ್ಲುಗಳಲ್ಲಿ ದುಡಿದರು. 1918ರಲ್ಲಿ ಅಮೆರಿಕದ ಸೈನ್ಯ ಸೇರಿದರು. ಸಮವಸ್ತ್ರದೊಂದಿಗೆ ಪೇಟವನ್ನೂ ಕಟ್ಟಿದ್ದರು. ಮಹಾಯುದ್ಧ ಮುಗಿದ ಮೇಲೆ ಗೌರವದಿಂದಲೇ ಬಿಡುಗಡೆಯಾದರು. ಆ ವರ್ಷ ಸಿಕ್ಕಿದ ಪೌರತ್ವ ಕೆಲವೇ ದಿನಗಳಲ್ಲಿ ರದ್ದಾಯಿತು. ಅವರು ಬಿಡಲಿಲ್ಲ, ಆರೆಗಾನಿನ ಫೆಡರಲ್ ಜಿಲ್ಲಾ ಕೋರ್ಟಿನಲ್ಲಿ ಮತ್ತೆ ಅರ್ಜಿ ಹಾಕಿದರು.

ಇದು ಏಣಿಯ ಮೊದಲ ಮೆಟ್ಟಿಲು. ಇವತ್ತು ಇಂಥ ಜಿಲ್ಲಾ ಕೋರ್ಟುಗಳು 94 ಇವೆ. ಪ್ರತಿ ರಾಜ್ಯಕ್ಕೂ ಕನಿಷ್ಠ ಒಂದು. ಕ್ಯಾಲಿಫೋರ್ನಿಯಾ, ಟೆಕ್ಸಾಸ್, ನ್ಯೂಯಾರ್ಕ್ ರಾಜ್ಯಗಳಲ್ಲಿ ನಾಲ್ಕು ನಾಲ್ಕು. ಸಾಮಾನ್ಯವಾಗಿ ಒಬ್ಬರೇ ನ್ಯಾಯಾಧೀಶರು ಕೂರುತ್ತಾರೆ. ಸಾಕ್ಷಿ ಕಟಕಟೆಗೆ ಬರುವುದು, ಪಾಟೀಸವಾಲು ನಡೆಯುವುದು, ಜ್ಯೂರಿ ಕೂರುವುದು ಇಲ್ಲೇ. ಗಂಭೀರ ಅಪರಾಧವಾದರೆ 12 ಜನ ಸಾಮಾನ್ಯ ನಾಗರಿಕರ ಜ್ಯೂರಿ ಕೇಳಬಹುದು. ಶಿಕ್ಷೆಯಾಗಬೇಕಾದರೆ ಅಷ್ಟೂ ಜನ ಒಂದೇ ಮಾತು ಹೇಳಬೇಕು.

ಜಿಲ್ಲಾ ಕೋರ್ಟು ಅಂದ ಕೂಡಲೇ ಚಿಕ್ಕದು ಅಂದುಕೊಳ್ಳಬೇಡಿ. ಅಧ್ಯಕ್ಷರ ಆದೇಶಕ್ಕೆ ಮೊದಲ ತಡೆ ಬೀಳುವುದು ಬಹುತೇಕ ಇಲ್ಲೇ. ಹಿಂದೆ ಒಬ್ಬ ಜಿಲ್ಲಾ ನ್ಯಾಯಾಧೀಶರ ತಡೆ ಇಡೀ ದೇಶಕ್ಕೆ ಅನ್ವಯವಾಗುವುದಿತ್ತು. 2025ರ ಜೂನ್ 27ರಂದು ಸುಪ್ರೀಂ ಕೋರ್ಟು ಇದಕ್ಕೆ ಕಡಿವಾಣ ಹಾಕಿತು. ಕೋರ್ಟಿಗೆ ಬಂದವರಿಗೆ ಪೂರ್ತಿ ಪರಿಹಾರ ಕೊಡಲು ಎಷ್ಟು ಬೇಕೋ ಅಷ್ಟೇ ತಡೆ ಕೊಡಿ ಅಂದಿತು. ಒಂದೇ ತೊಂದರೆಗೆ ಸಿಕ್ಕಿದ ಸಾವಿರಾರು ಜನರ ಪರವಾಗಿ ಕೆಲವರು ಸಾಮೂಹಿಕ ದಾವೆ ಹೂಡುವ ದಾರಿಯನ್ನು ಮಾತ್ರ ಮುಚ್ಚಲಿಲ್ಲ. ಮುಂದಿನ ಸಲ ತಡೆಯ ಸುದ್ದಿ ಕೇಳಿದಾಗ ಯಾವ ಕೋರ್ಟು, ಯಾರಿಗೆ ಅನ್ವಯ, ಈ ಎರಡನ್ನು ಹುಡುಕಿ ನೋಡಿ.

ಮತ್ತೆ ಥಿಂಡ್ ಅವರ ಕೇಸಿಗೆ ಬರೋಣ. ಸರ್ಕಾರದ ಅಧಿಕಾರಿ ಅವರಿಗೆ ಪೌರತ್ವ ಕೊಡಬಾರದು ಅಂತ ವಾದಿಸಿದರು. ಅಮೆರಿಕದಲ್ಲಿದ್ದುಕೊಂಡೇ ಬ್ರಿಟಿಷರ ವಿರುದ್ಧ ಹೋರಾಡುತ್ತಿದ್ದ ಗದರ್ ಚಳವಳಿಗಾರರ ಜೊತೆ ಥಿಂಡ್ ಅವರಿಗಿದ್ದ ನಂಟಿನ ಮಾತೂ ಎದ್ದಿತು. ಭಾರತ ಭಾರತೀಯರದ್ದಾಗಬೇಕು ಅನ್ನುವುದು ತಮ್ಮ ಆಸೆ ಎಂದು ಥಿಂಡ್ ಮುಚ್ಚಿಡದೆ ಹೇಳಿದರು. ನ್ಯಾಯಾಧೀಶ ಚಾರ್ಲ್ಸ್ ವುಲ್ವರ್ಟನ್ ಎಲ್ಲವನ್ನೂ ಕೇಳಿ, 1920ರ ನವೆಂಬರಿನಲ್ಲಿ ಪೌರತ್ವ ಕೊಟ್ಟರು. ಎದುರಿಗೆ ನಿಂತ ಮನುಷ್ಯನನ್ನು ನೋಡಿ, ಅವನ ಮಾತು ಕೇಳಿ ತೂಗುವ ಅವಕಾಶ ಮೊದಲ ಮೆಟ್ಟಿಲಿನ ನ್ಯಾಯಾಧೀಶರಿಗೆ ಇರುತ್ತದೆ. ಮೇಲಿನವರಿಗೆ ಅದಿಲ್ಲ.

ಸರ್ಕಾರ ಮೇಲ್ಮನವಿ ಹಾಕಿತು. ಫೆಡರಲ್ ಮೇಲ್ಮನವಿ ಕೋರ್ಟುಗಳು ಈಗ 13. ಅದರಲ್ಲಿ 12 ಒಂದೊಂದು ಪ್ರದೇಶಕ್ಕೆ, ಇನ್ನೊಂದು ಪೇಟೆಂಟಿನಂಥ ಕೆಲವು ವಿಷಯಗಳಿಗೆ. ಆರೆಗಾನ್ ಸೇರುವುದು ಒಂಬತ್ತನೆಯ ವಲಯಕ್ಕೆ. ಅಲಾಸ್ಕಾದಿಂದ ಹವಾಯಿವರೆಗೆ, ಕ್ಯಾಲಿಫೋರ್ನಿಯಾವನ್ನೂ ಸೇರಿಸಿ ಒಂಬತ್ತು ರಾಜ್ಯಗಳ ವಲಯ ಅದು, ಎಲ್ಲಕ್ಕಿಂತ ದೊಡ್ಡದು. ಇಲ್ಲಿ ಮೂವರು ನ್ಯಾಯಾಧೀಶರು ಕೂರುತ್ತಾರೆ. ಜ್ಯೂರಿ ಇಲ್ಲ, ಹೊಸ ಸಾಕ್ಷಿ ಇಲ್ಲ. ಕೆಳಗಿನ ಕೋರ್ಟಿನ ಕಡತ, ಎರಡೂ ಕಡೆಯ ಲಿಖಿತ ವಾದ, ಬೇಕಾದರೆ ಸ್ವಲ್ಪ ಹೊತ್ತು ಮೌಖಿಕ ವಾದ. ಕಾನೂನನ್ನು ತಪ್ಪಾಗಿ ಓದಿದ್ದಾರಾ ಅನ್ನುವುದೇ ಮುಖ್ಯ ಪ್ರಶ್ನೆ. ಜಿಲ್ಲಾ ಕೋರ್ಟಿನಿಂದ ಮೇಲೆ ಬಂದ ಹೆಚ್ಚಿನ ಕೇಸುಗಳು ಇಲ್ಲಿಗೇ ಮುಗಿಯುತ್ತವೆ.

ಥಿಂಡ್ ಅವರ ಕೇಸನ್ನು ಮಾತ್ರ ಈ ಕೋರ್ಟು ತಾನೇ ತೀರ್ಮಾನಿಸಲಿಲ್ಲ. ಪ್ರಶ್ನೆಯನ್ನು ಬರೆದು ಸುಪ್ರೀಂ ಕೋರ್ಟಿಗೆ ಕಳಿಸಿತು. ಆಗ ಅದು ರೂಢಿಯಲ್ಲಿದ್ದ ದಾರಿ, ಈಗ ಬಹಳ ಅಪರೂಪ.

ಪ್ರಶ್ನೆ ಏನು? 1790ರ ಕಾನೂನಿನ ಪ್ರಕಾರ ಹೊರಗಿನಿಂದ ಬಂದವರಲ್ಲಿ ‘ಬಿಳಿಯರು’ ಮಾತ್ರ ಪೌರರಾಗಬಹುದಿತ್ತು. 1870ರಲ್ಲಿ ಆಫ್ರಿಕಾ ಮೂಲದವರನ್ನು ಸೇರಿಸಿದರು. ಪಂಜಾಬಿನ ಒಬ್ಬ ಮನುಷ್ಯ ‘ಬಿಳಿಯ’ನೇ? ಕಾಂಗ್ರೆಸ್ ಬರೆದ ಕಾನೂನೇ ಹಾಗಿದ್ದರಿಂದ ಕೋರ್ಟು ಇಂಥ ಪ್ರಶ್ನೆಗೆ ಉತ್ತರ ಕೊಡಬೇಕಾಯಿತು. ಥಿಂಡ್ ಪರ ವಕೀಲರು ಆ ಕಾಲದ ಜನಾಂಗ ಶಾಸ್ತ್ರದ ಪುಸ್ತಕಗಳನ್ನು ಹಿಡಿದು, ಉತ್ತರ ಭಾರತದವರನ್ನು ಕಾಕೇಷಿಯನ್, ಅಂದರೆ ಯುರೋಪಿನವರ ಜನಾಂಗಕ್ಕೇ ಸೇರಿದವರು, ಅಂತಲೇ ಎಣಿಸಿದ್ದಾರೆ ಅಂದರು. ಕೆಲವೇ ತಿಂಗಳ ಹಿಂದೆ, ಟಕಾವೊ ಒಜಾವಾ ಎಂಬ ಜಪಾನೀಯರ ಕೇಸಿನಲ್ಲಿ, ಬಿಳಿಯ ಅಂದರೆ ಕಾಕೇಷಿಯನ್ ಅಂತ ಇದೇ ಸುಪ್ರೀಂ ಕೋರ್ಟು ಹೇಳಿ ಅವರ ಅರ್ಜಿ ತಳ್ಳಿಹಾಕಿತ್ತು.

1923ರ ಫೆಬ್ರವರಿ 19ರಂದು ತೀರ್ಪು ಬಂತು. ಬರೆದವರು ನ್ಯಾಯಮೂರ್ತಿ ಜಾರ್ಜ್ ಸದರ್‌ಲ್ಯಾಂಡ್. ಒಜಾವಾ ಕೇಸಿನ ತೀರ್ಪು ಬರೆದವರೂ ಅವರೇ. ಈ ಸಲ ಅವರು ಶಾಸ್ತ್ರದ ಮಾತು ಬೇಡ ಅಂದರು. ಜನಸಾಮಾನ್ಯರ ತಿಳಿವಳಿಕೆಯಲ್ಲಿ ಥಿಂಡ್ ಬಿಳಿಯರಲ್ಲ, ಅಷ್ಟು ಸಾಕು ಅಂದರು. ಒಬ್ಬ ನ್ಯಾಯಮೂರ್ತಿಯೂ ಭಿನ್ನಮತ ಬರೆಯಲಿಲ್ಲ. ಸದರ್‌ಲ್ಯಾಂಡ್ ಸ್ವತಃ ಇಂಗ್ಲೆಂಡಿನಲ್ಲಿ ಹುಟ್ಟಿ, ಮಗುವಾಗಿ ಅಮೆರಿಕಕ್ಕೆ ಬಂದವರು. ಆ ತೀರ್ಪನ್ನು ಓದಿದಾಗಲೆಲ್ಲ ನನಗೆ ನೋವಾಗುತ್ತದೆ. ಒಂದೇ ಕೋರ್ಟು ನವೆಂಬರಿನಲ್ಲಿ ಒಂದು ಅಳತೆಗೋಲು ಹಿಡಿದು, ಫೆಬ್ರವರಿಯಲ್ಲಿ ಇನ್ನೊಂದು ಹಿಡಿಯಿತು. ಎರಡರಲ್ಲೂ ಬಾಗಿಲು ಮುಚ್ಚಿದ್ದು ಏಷ್ಯಾದವರಿಗೇ.

ಈ ತೀರ್ಪಿನ ಬಲದ ಮೇಲೆ ಸರ್ಕಾರ, ಆಗಲೇ ಪೌರರಾಗಿದ್ದ ಹತ್ತಾರು ಭಾರತೀಯರ ಪೌರತ್ವ ಕಿತ್ತುಕೊಂಡಿತು. ಸ್ಯಾನ್ ಫ್ರಾನ್ಸಿಸ್ಕೋದ ವ್ಯಾಪಾರಿ ವೈಷ್ಣೋ ದಾಸ್ ಬಗಾಯಿ ಅದೇ ಕೊರಗಿನಲ್ಲಿ 1928ರಲ್ಲಿ ಪ್ರಾಣ ಕಳೆದುಕೊಂಡರು. ವಕೀಲ ಸಖಾರಾಮ್ ಗಣೇಶ್ ಪಂಡಿತ್ ಮಾತ್ರ ಹೋರಾಡಿ ಗೆದ್ದರು. ಕೋರ್ಟು ಒಮ್ಮೆ ವಿಚಾರಣೆ ಮಾಡಿ ಕೊಟ್ಟ ಪೌರತ್ವವನ್ನು ಇಷ್ಟು ವರ್ಷಗಳ ಮೇಲೆ ಮತ್ತೆ ಕೆದಕುವ ಹಾಗಿಲ್ಲ ಎಂದು 1926ರಲ್ಲಿ ಅದೇ ಒಂಬತ್ತನೆಯ ವಲಯದ ಕೋರ್ಟು ಹೇಳಿತು. ಸರ್ಕಾರ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿತು. ಸುಪ್ರೀಂ ಕೋರ್ಟು ಕೇಸು ತೆಗೆದುಕೊಳ್ಳಲಿಲ್ಲ. ಪಂಡಿತ್ ಅವರ ಪೌರತ್ವ ಉಳಿಯಿತು.

ಸುಪ್ರೀಂ ಕೋರ್ಟು ಇಂದಿಗೂ ಹೀಗೇ ಕೆಲಸ ಮಾಡುತ್ತದೆ. ವರ್ಷಕ್ಕೆ ಸಾವಿರಾರು ಅರ್ಜಿಗಳು ಬರುತ್ತವೆ. ವಾದ ಕೇಳುವುದು ಸುಮಾರು 60-70ನ್ನು ಮಾತ್ರ. ಒಂಬತ್ತು ಜನರಲ್ಲಿ ನಾಲ್ವರು ಒಪ್ಪಿದರೆ ಕೇಸು ಒಳಗೆ ಬರುತ್ತದೆ. ಒಪ್ಪದಿದ್ದರೆ ಕೆಳಗಿನ ತೀರ್ಪು ಹಾಗೇ ಉಳಿಯುತ್ತದೆ. ಅದು ಸರಿ ಅಂತ ಸುಪ್ರೀಂ ಕೋರ್ಟು ಹೇಳಿದೆ ಎಂದು ಅರ್ಥವಲ್ಲ. ಎಷ್ಟೋ ವರದಿಗಳಲ್ಲಿ ಈ ವ್ಯತ್ಯಾಸ ಕಳೆದುಹೋಗುತ್ತದೆ.

ಹಾಗಾದರೆ ಸುಪ್ರೀಂ ಕೋರ್ಟು ತಪ್ಪು ಮಾಡಿದರೆ ಮುಂದೇನು? ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಪ್ರಶ್ನೆ ಇದು. ಥಿಂಡ್ ಕೇಸಿನಲ್ಲಿ ಕೋರ್ಟು ಓದಿದ್ದು ಕಾಂಗ್ರೆಸ್ಸಿನ ಒಂದು ಕಾನೂನನ್ನು. ಕಾನೂನು ಬದಲಾದರೆ ಉತ್ತರವೂ ಬದಲಾಗುತ್ತದೆ. 1935ರಲ್ಲಿ ಮಹಾಯುದ್ಧದ ಸೈನಿಕರಿಗಾಗಿ ಕಾಂಗ್ರೆಸ್ ಒಂದು ಕಾನೂನು ಮಾಡಿತು. ಅದರ ಅಡಿಯಲ್ಲಿ ಥಿಂಡ್ ಮರುವರ್ಷ ನ್ಯೂಯಾರ್ಕಿನಲ್ಲಿ ಪೌರರಾದರು. 1946ರಲ್ಲಿ ಭಾರತೀಯರೆಲ್ಲರಿಗೂ ಆ ಹಕ್ಕು ಬಂತು, ವರ್ಷಕ್ಕೆ ಬರೀ 100 ಜನರ ವಲಸೆಯ ಮಿತಿಯೊಂದಿಗೆ. ಹಾಗೆ ಪೌರರಾದ ದಲೀಪ್ ಸಿಂಗ್ ಸೌಂದ್ 1956ರಲ್ಲಿ ಕ್ಯಾಲಿಫೋರ್ನಿಯಾದಿಂದ ಕಾಂಗ್ರೆಸ್ಸಿಗೇ ಆರಿಸಿಬಂದರು.

ಆದರೆ ಕೋರ್ಟು ಸಂವಿಧಾನವನ್ನೇ ಓದಿ ಹೇಳಿದ್ದರೆ ಕಾಂಗ್ರೆಸ್ಸಿನ ಸಾಮಾನ್ಯ ಕಾನೂನು ಸಾಲದು. ಒಂದೋ ಸಂವಿಧಾನ ತಿದ್ದಬೇಕು, ಇಲ್ಲ ಕೋರ್ಟೇ ತನ್ನ ಮಾತು ಬದಲಿಸಬೇಕು. ಎರಡೂ ಕಷ್ಟ. ಆದರೂ ಆಗುತ್ತದೆ. ಫ್ಲಾರಿಡಾದ ಪನಾಮಾ ಸಿಟಿಯಲ್ಲಿ 1961ರಲ್ಲಿ ಕ್ಲಾರೆನ್ಸ್ ಅರ್ಲ್ ಗಿಡಿಯನ್ ಅನ್ನುವ ಬಡವನ ಮೇಲೆ ಕಳ್ಳತನದ ಆರೋಪ ಬಂತು. ಒಂದು ಪೂಲ್ ಆಟದ ಅಂಗಡಿಗೆ ನುಗ್ಗಿದ್ದ ಅಂತ. ವಕೀಲರನ್ನು ಕೊಡಿ ಅಂತ ಕೇಳಿಕೊಂಡ. ರಾಜ್ಯದ ಕೋರ್ಟು ಆಗುವುದಿಲ್ಲ ಅಂದಿತು. ಮರಣದಂಡನೆಯ ಕೇಸಿಗೆ ಮಾತ್ರ ವಕೀಲರನ್ನು ಕೊಡುವುದು ಅಲ್ಲಿನ ಕಾನೂನಾಗಿತ್ತು. ತನ್ನ ವಾದ ತಾನೇ ಮಾಡಿ ಸೋತ. ಐದು ವರ್ಷ ಶಿಕ್ಷೆಯಾಯಿತು. ಜೈಲಿನ ಗೆರೆ ಹಾಳೆಯ ಮೇಲೆ, ಪೆನ್ಸಿಲಿನಲ್ಲಿ, ಸುಪ್ರೀಂ ಕೋರ್ಟಿಗೆ ಅರ್ಜಿ ಬರೆದ. ಕಾಗುಣಿತದ ತಪ್ಪುಗಳಿದ್ದವು, ಆದರೆ ಕೇಳಿದ್ದು ಸ್ಪಷ್ಟವಾಗಿತ್ತು.

ರಾಜ್ಯದ ಏಣಿಯಿಂದ ಸುಪ್ರೀಂ ಕೋರ್ಟಿಗೆ ದಾಟುವ ಜಾಗ ಇದೇ. ರಾಜ್ಯದ ಕೇಸಿನಲ್ಲಿ ಅಮೆರಿಕದ ಸಂವಿಧಾನದ ಪ್ರಶ್ನೆಯಿದ್ದರೆ ಅದು ಅಲ್ಲಿಗೆ ಹೋಗಬಹುದು. ಸುಪ್ರೀಂ ಕೋರ್ಟು ಅರ್ಜಿ ಒಪ್ಪಿಕೊಂಡು, ಏಬ್ ಫೋರ್ಟಾಸ್ ಅನ್ನುವ ದೊಡ್ಡ ವಕೀಲರನ್ನು ಗಿಡಿಯನ್ ಪರವಾಗಿ ನೇಮಿಸಿತು. 1963ರ ಮಾರ್ಚ್ 18ರಂದು ಒಂಬತ್ತೂ ಜನ ಅವನ ಪರ ನಿಂತರು. ಎಲ್ಲ ಬಡ ಆರೋಪಿಗಳಿಗೂ ರಾಜ್ಯಗಳು ವಕೀಲರನ್ನು ಕೊಡಲೇಬೇಕೆಂದಿಲ್ಲ ಅಂದಿದ್ದ 1942ರ ತಮ್ಮದೇ ಕೋರ್ಟಿನ ತೀರ್ಪನ್ನು ತಳ್ಳಿಹಾಕಿದರು. ಅದೇ ಆಗಸ್ಟಿನಲ್ಲಿ ವಕೀಲರ ಸಮೇತ ಮರುವಿಚಾರಣೆ ನಡೆಯಿತು. ಜ್ಯೂರಿ ಅವನನ್ನು ಖುಲಾಸೆ ಮಾಡಿತು.

ಈ ನ್ಯಾಯಾಧೀಶರು ಬರುವುದು ಎಲ್ಲಿಂದ? ಅಧ್ಯಕ್ಷರು ಹೆಸರಿಸುತ್ತಾರೆ, ಕಾಂಗ್ರೆಸ್ಸಿನ ಮೇಲ್ಮನೆಯಾದ ಸೆನೆಟ್ ಒಪ್ಪಬೇಕು. ಒಮ್ಮೆ ಕೂತರೆ ಬದುಕಿರುವವರೆಗೂ ಇರಬಹುದು. ನಮ್ಮಲ್ಲಿ ಹೈಕೋರ್ಟಿನವರು 62ಕ್ಕೆ, ಸುಪ್ರೀಂ ಕೋರ್ಟಿನವರು 65ಕ್ಕೆ ನಿವೃತ್ತರಾಗಬೇಕು. ಅಲ್ಲಿ ಅಂಥ ವಯಸ್ಸಿಲ್ಲ. ಸಂಬಳ ಕಡಿಮೆ ಮಾಡುವ ಹಾಗೂ ಇಲ್ಲ. ತೆಗೆಯಬೇಕಾದರೆ ಕೆಳಮನೆ ದೋಷಾರೋಪ ಹೊರಿಸಬೇಕು, ಸೆನೆಟ್‌ನಲ್ಲಿ ಮೂರರಲ್ಲಿ ಎರಡು ಪಾಲು ಮತ ಬೀಳಬೇಕು. ಇಷ್ಟು ಕಾಲದಲ್ಲಿ ಹೀಗೆ ಹೋದ ಫೆಡರಲ್ ನ್ಯಾಯಾಧೀಶರು ಎಂಟೇ ಜನ. ನೇಮಿಸಿದ ಅಧ್ಯಕ್ಷರ ವಿರುದ್ಧವೇ ತೀರ್ಪು ಬರೆಯುವ ಧೈರ್ಯ ಬರುವುದು ಈ ಭದ್ರತೆಯಿಂದ. ಆದರೆ ಯಾರು ಯಾವಾಗ ತೀರಿಕೊಳ್ಳುತ್ತಾರೆ, ಯಾವಾಗ ನಿವೃತ್ತರಾಗುತ್ತಾರೆ ಅನ್ನುವುದರ ಮೇಲೆ ದೇಶದ ಕಾನೂನು ವಾಲುವುದು ಒಳ್ಳೆಯದಲ್ಲ. ನನ್ನ ಮಟ್ಟಿಗೆ, ಹದಿನೆಂಟೋ ಇಪ್ಪತ್ತೋ ವರ್ಷದ ಒಂದೇ ದೀರ್ಘ ಅವಧಿ ಇದಕ್ಕಿಂತ ಜಾಸ್ತಿ ನ್ಯಾಯವಾದದ್ದು.

ಅಲ್ಲಿ ಮಕ್ಕಳು ಇರುವವರಿಗೆ ಇನ್ನೊಂದು ಮಾತು. ವಲಸೆ ಕೋರ್ಟು ಈ ಏಣಿಗೆ ಸೇರಿಲ್ಲ. ಅದು ನ್ಯಾಯ ಇಲಾಖೆಯ, ಅಂದರೆ ಸರ್ಕಾರದ, ಒಂದು ಭಾಗ. ಅಲ್ಲಿನ ನ್ಯಾಯಾಧೀಶರಿಗೆ ನಾನು ಈಗ ಹೇಳಿದ ಆಜೀವ ಭದ್ರತೆಯೂ ಇಲ್ಲ. ಅಲ್ಲಿ ಸೋತವರು ಮೊದಲು ಅದೇ ಇಲಾಖೆಯ ವಲಸೆ ಮೇಲ್ಮನವಿ ಮಂಡಳಿಗೆ ಹೋಗಬೇಕು. ಆಮೇಲಷ್ಟೇ ಫೆಡರಲ್ ಮೇಲ್ಮನವಿ ಕೋರ್ಟು. ಗಿಡಿಯನ್ ಗೆದ್ದುಕೊಟ್ಟ ಹಕ್ಕು, ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಪಡೆಯುವ ಹಕ್ಕು, ಗಡೀಪಾರಿನ ಕೇಸಿಗೆ ಅನ್ವಯಿಸುವುದಿಲ್ಲ. ಕ್ರಿಮಿನಲ್ ಕೇಸಿಗೆ ಮಾತ್ರ. ವಕೀಲರಿಗೆ ತಾವೇ ದುಡ್ಡು ಹೊಂದಿಸಬೇಕು, ಇಲ್ಲವೇ ಉಚಿತವಾಗಿ ವಾದಿಸುವವರನ್ನು ಹುಡುಕಿಕೊಳ್ಳಬೇಕು.

ಅಮೆರಿಕದ ಸುಪ್ರೀಂ ಕೋರ್ಟಿನ ಒಳಗೆ ಇಂದಿಗೂ ಟಿವಿ ಕ್ಯಾಮೆರಾ ಬಿಡುವುದಿಲ್ಲ. ಆದರೆ 2020ರ ಮೇ ತಿಂಗಳಿಂದ ವಾದಗಳ ಧ್ವನಿ ನೇರವಾಗಿ ಪ್ರಸಾರವಾಗುತ್ತಿದೆ. ಅಕ್ಟೋಬರ್ ತಿಂಗಳ ಮೊದಲ ಸೋಮವಾರ ಅವರ ವರ್ಷ ಶುರು. ವಾಷಿಂಗ್ಟನ್ನಿನಲ್ಲಿ ಬೆಳಗ್ಗೆ 10 ಗಂಟೆ ಅಂದರೆ ಆಗ ನಮ್ಮಲ್ಲಿ ಸಂಜೆ ಏಳೂವರೆ. ಕೋರ್ಟಿನ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ಕೇಳಬಹುದು. 1955ರಿಂದ ಧ್ವನಿಮುದ್ರಣ ನಡೆಯುತ್ತಾ ಬಂದಿರುವುದರಿಂದ ಗಿಡಿಯನ್ ಕೇಸಿನ ವಾದವೂ ಸಿಗುತ್ತದೆ. ಇಂಗ್ಲಿಷ್ ಮಾತು ಸ್ವಲ್ಪ ವೇಗ ಅನ್ನಿಸಿದರೂ ಒಮ್ಮೆ ಕೇಳಿ ನೋಡಿ. ವಕೀಲರು ಮಾತು ಶುರು ಮಾಡಿ ಕೆಲವೇ ನಿಮಿಷಕ್ಕೆ ಪ್ರಶ್ನೆಗಳು ಬೀಳತೊಡಗುತ್ತವೆ.

ನಮಸ್ಕಾರ.