ಸೀಟು ಸಿಗದ ಬಸ್ಸಿನಲ್ಲಿ ಓದು

ನಮಸ್ಕಾರ.

ಪರೀಕ್ಷೆಯ ಹಿಂದಿನ ರಾತ್ರಿ ಹಾಸ್ಟೆಲ್ಲಿನಲ್ಲಿ ಮೂರು ಗಂಟೆವರೆಗೆ ದೀಪ ಉರಿಸಿದವರಲ್ಲಿ ನಾನೂ ಒಬ್ಬ. ಬಿಎಸ್ಸಿ, ಆರ್ಗ್ಯಾನಿಕ್ ಕೆಮಿಸ್ಟ್ರಿ. ಫ್ಲಾಸ್ಕ್ ತುಂಬ ಟೀ, ಕೈಯಲ್ಲಿ ಗೆಳೆಯನ ನೋಟ್ಸಿನ ಜೆರಾಕ್ಸ್. ಮೂರು ಸಲ ಪೂರ್ತಿ ಓದಿದೆ. ಬೆಳಿಗ್ಗೆ ಆಲ್ಡಾಲ್ ಕಂಡೆನ್ಸೇಷನ್ ಅನ್ನೋ ರಾಸಾಯನಿಕ ಕ್ರಿಯೆಯ ಬಗ್ಗೆ ಕೇಳಿದ್ದರು. ಅದು ಎಡಗಡೆ ಪುಟದಲ್ಲಿ, ಕೆಳಗೆ, ಟೀ ಕಲೆಯ ಪಕ್ಕದಲ್ಲೇ ಇತ್ತು ಅನ್ನೋದು ಚೆನ್ನಾಗಿ ನೆನಪಿತ್ತು. ಕಲೆಯ ಆಕಾರ ಕೂಡ. ಉತ್ತರ ಮಾತ್ರ ಹೊಳೆಯಲಿಲ್ಲ.

ಟೈಮ್ ಸಾಲಲಿಲ್ಲ ಅಂದುಕೊಂಡೆ. ಈಗ ಮೇಷ್ಟ್ರಾಗಿ ದಿನಾ ಅದೇ ಮಾತು ಕೇಳುತ್ತೇನೆ. ಕೆಲವರು ಟೈಮ್‌ಟೇಬಲ್ ಬರೆಯುತ್ತಾರೆ. ನಾಲ್ಕು ಬಣ್ಣದ ಸ್ಕೆಚ್ ಪೆನ್, ಸ್ಕೇಲು, ಗೆರೆ. ಭಾನುವಾರ ಪೂರ್ತಿ ಅದಕ್ಕೇ ಹೋಗುತ್ತದೆ!

ಗಂಟೆ ಜಾಸ್ತಿ ಮಾಡುವುದಕ್ಕಿಂತ ಹಂಚುವುದು ಮೇಲು. ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ ಇದನ್ನು ತಮ್ಮ ಮೇಲೆಯೇ ಪ್ರಯೋಗ ಮಾಡಿ ನೋಡಿದರು. ಅರ್ಥವೇ ಇಲ್ಲದ ಹನ್ನೆರಡು ಪದಗಳ ಪಟ್ಟಿ ಮಾಡಿಕೊಂಡು ಉರು ಹೊಡೆದರು. ಒಂದೇ ದಿನ 68 ಸಲ ಓದಿದಾಗ ಮರುದಿನಕ್ಕೆ ಎಷ್ಟು ಉಳಿಯಿತೋ, ಮೂರು ದಿನಕ್ಕೆ ಹಂಚಿ ಓದಿದಾಗ 38 ಸಲಕ್ಕೇ ಅಷ್ಟು ಉಳಿಯಿತು. ಅವರ ಪುಸ್ತಕ ಬಂದದ್ದು 1885ರಲ್ಲಿ. ನಾವಿನ್ನೂ ಹಿಂದಿನ ರಾತ್ರಿಯನ್ನೇ ನಂಬಿಕೊಂಡಿದ್ದೇವೆ.

ಯಾಕೆ ನಂಬುತ್ತೇವೆ ಗೊತ್ತಾ? 2006ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕಿ ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಪಾಠ ಕೊಟ್ಟರು. ಕೆಲವರು ಅದನ್ನು ಮತ್ತೆ ಓದಿದರು. ಕೆಲವರು ಹಾಳೆ ಪಕ್ಕಕ್ಕಿಟ್ಟು ನೆನಪಾದದ್ದನ್ನು ಬರೆದರು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಓದಿದವರೇ ಮುಂದೆ. ವಾರ ಬಿಟ್ಟು ಕೇಳಿದಾಗ, ನೆನಪಿನಿಂದ ಬರೆದವರು. ಆ ಐದು ನಿಮಿಷದ ಗೆಲುವೇ ನಮಗೆ ಟೋಪಿ ಹಾಕುವುದು. ಓದಿದ ಕೂಡಲೇ ಎಲ್ಲಾ ಗೊತ್ತು ಅನಿಸುತ್ತದೆ, ಅಲ್ವಾ?

ಹಾಗಾಗಿ ನಾನು ಹೇಳುವುದು ಇಷ್ಟೇ. ಇವತ್ತಿನ ಪಾಠಕ್ಕೆ ಇವತ್ತೇ ಇಪ್ಪತ್ತು ನಿಮಿಷ ಕೊಡಿ. ಪುಸ್ತಕ ಮುಚ್ಚಿ, ಖಾಲಿ ಹಾಳೆ ತೆಗೆದುಕೊಳ್ಳಿ. ಬಂದಷ್ಟು ಬರೆಯಿರಿ. ಆಮೇಲೆ ತೆರೆದು, ಬಿಟ್ಟುಹೋದದ್ದನ್ನಷ್ಟೇ ಓದಿ. ಎರಡು ದಿನ ಬಿಟ್ಟು ಮತ್ತೊಮ್ಮೆ, ವಾರ ಬಿಟ್ಟು ಇನ್ನೊಮ್ಮೆ. ಮೊಬೈಲ್ ಬೇರೆ ರೂಮಿನಲ್ಲಿರಲಿ. ಅದರ ಬಗ್ಗೆ ಮನೆಯಲ್ಲಿ ಸಾಕಷ್ಟು ಬೈಸಿಕೊಂಡಿರುತ್ತೀರಿ, ನಾನು ಬೇರೆ ಯಾಕೆ ಬೈಯಲಿ.

ನನ್ನ ಕ್ಲಾಸಿನ ಹುಡುಗಿಯೊಬ್ಬಳು ತುಮಕೂರಿನಿಂದ ಕುಣಿಗಲ್ಲಿಗೆ ದಿನಾ ಬಸ್ಸಿನಲ್ಲಿ ಹೋಗುತ್ತಾಳೆ. ಸಂಜೆ ಬಸ್ಸಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಒಂದು ಕೈಯಲ್ಲಿ ಕಂಬಿ, ಹೆಗಲಲ್ಲಿ ಬ್ಯಾಗು. ಪುಸ್ತಕ ತೆಗೆಯುವ ಮಾತೇ ಇಲ್ಲ. ಅವಳು ಸುಮ್ನೆ ನಿಂತು, ಬೆಳಿಗ್ಗೆಯಿಂದ ಯಾವ ಪೀರಿಯಡ್‌ನಲ್ಲಿ ಏನು ಹೇಳಿದರು ಅಂತ ಮನಸ್ಸಿನಲ್ಲೇ ಒಪ್ಪಿಸಿಕೊಳ್ಳುತ್ತಾಳೆ. ಗೂಳೂರು ದಾಟುವಷ್ಟರಲ್ಲಿ ಫಿಸಿಕ್ಸ್, ಹೆಬ್ಬೂರು ಬರುವಾಗ ಮ್ಯಾಥ್ಸ್. ತಡವರಿಸಿದ ಜಾಗ ನೆನಪಿಟ್ಟುಕೊಂಡು, ಮನೆಗೆ ಹೋಗಿ ಅದನ್ನು ಮಾತ್ರ ತೆರೆದು ನೋಡುತ್ತಾಳೆ.

ಸೀಟು ಸಿಕ್ಕ ದಿನ ಮಾತ್ರ ಏನೂ ನಡೆಯಲ್ಲವಂತೆ. ಗೂಳೂರಿಗೆ ಮುಂಚೆಯೇ ನಿದ್ದೆ.